ಬೋರ್ಲಿ ರೆಕ್ಟರಿ: ದೆವ್ವಗಳಿಗಿಂತ ಶೋಧಕರೇ ಹೆಚ್ಚು ಕಾಡಿದ ಮನೆ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ಬೋರ್ಲಿ ಎಂಬ ಪುಟ್ಟ ಗ್ರಾಮವಿದೆ. ಅಲ್ಲಿನ ಚರ್ಚಿನ ಪಾದ್ರಿಗಳ ಅಧಿಕೃತ ನಿವಾಸವಾಗಿದ್ದ 'ಬೋರ್ಲಿ ರೆಕ್ಟರಿ' ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿಯೇ ಅತಿ ಹೆಚ್ಚು ದೆವ್ವಗಳ ಕಾಟವಿರುವ ಮನೆ ಎಂದು ಹೆಸರಾಗಿತ್ತು. 1862ರಲ್ಲಿ ನಿರ್ಮಾಣಗೊಂಡ ಈ ಬಂಗಲೆ 1939ರಲ್ಲಿ ಬೆಂಕಿಗೆ ಆಹುತಿಯಾಯಿತು. ಉಳಿದ ಗೋಡೆಗಳನ್ನು 1944ರಲ್ಲಿ ಕೆಡವಲಾಯಿತು. ಮನೆ ನೆಲಸಮವಾಗಿ ಎಂಟು ದಶಕಗಳು ಕಳೆದರೂ ಅದರ ಕಥೆ ಮಾತ್ರ ಪುಸ್ತಕ, ಚಲನಚಿತ್ರ ಮತ್ತು ಟಿ.ವಿ. ಕಾರ್ಯಕ್ರಮಗಳಲ್ಲಿ ಇನ್ನೂ ಜೀವಂತವಾಗಿದೆ.

ಭೂತಬಂಗಲೆಗಳ ಕಥೆ ಎಲ್ಲ ದೇಶಗಳಲ್ಲಿಯೂ ಇದೆ. ಆದರೆ ಪತ್ರಕರ್ತರು, ವೃತ್ತಿಪರ ಶೋಧಕರು, ಸ್ವಯಂಸೇವಕರು ಹಾಗೂ ಶೋಧಕರನ್ನೇ ಶೋಧಿಸಿದ ವಿಮರ್ಶಕರು ಹೀಗೆ ಸಾಲುಸಾಲಾಗಿ ಬಂದು ಕಾಗದಪತ್ರಗಳನ್ನು ಉಳಿಸಿ ಹೋದ ಮನೆ ಅಪರೂಪ. ಬೋರ್ಲಿಯ ಮಹತ್ವ ಇರುವುದು ಇಲ್ಲಿಯೇ. ಅಲ್ಲಿ ದೆವ್ವವಿತ್ತೇ ಎಂಬುದಕ್ಕಿಂತ, ದೆವ್ವದ ಕಥೆಯೊಂದು ಯಾರ ಕೈಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಈ ಕಾಗದಪತ್ರಗಳು ಹಂತಹಂತವಾಗಿ ತೋರಿಸಿಕೊಡುತ್ತವೆ.

ಹಳೆಯ ಜಾಗದಲ್ಲಿ ಹೊಸ ಮನೆ

ರೆಕ್ಟರಿ ಇದ್ದ ಜಾಗದಲ್ಲಿ ಮೊದಲು ಪಾದ್ರಿಗಳ ಇನ್ನೊಂದು ನಿವಾಸವಿತ್ತು. ಅದು 1841ರಲ್ಲಿ ಬೆಂಕಿಗೆ ತುತ್ತಾಗಿತ್ತು. 1862ರಲ್ಲಿ ಬೋರ್ಲಿಗೆ ಪಾದ್ರಿಯಾಗಿ ಬಂದ ಹೆನ್ರಿ ಡಾಸನ್ ಎಲ್ಲಿಸ್ ಬುಲ್ ಅದೇ ಜಾಗದಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಮನೆ ಕಟ್ಟಿಸಿದರು. ಬುಲ್ ದಂಪತಿಗೆ 14 ಮಂದಿ ಮಕ್ಕಳು. ಕುಟುಂಬ ಬೆಳೆದಂತೆ ಮನೆಗೆ ಹೊಸ ಪಾರ್ಶ್ವವೊಂದನ್ನು ಸೇರಿಸಲಾಯಿತು. ಇದರಿಂದಾಗಿ ನಡುವಿನ ಅಂಗಳವನ್ನು ಕಟ್ಟಡವೇ ಬಹುಮಟ್ಟಿಗೆ ಸುತ್ತುವರಿಯಿತು. ಮನೆಗೆ ವಿದ್ಯುತ್ ಸಂಪರ್ಕವಾಗಲಿ, ನಲ್ಲಿ ನೀರಿನ ವ್ಯವಸ್ಥೆಯಾಗಲಿ ಇರಲಿಲ್ಲ. ಉದ್ದನೆಯ ಮೊಗಸಾಲೆ, ಕತ್ತಲು ತುಂಬಿದ ನೆಲಮಾಳಿಗೆ, ಎಣ್ಣೆದೀಪದ ಮಂದ ಬೆಳಕು ಇವೇ ಅಲ್ಲಿನ ರಾತ್ರಿಯ ಸ್ವರೂಪವಾಗಿದ್ದವು.

ರಸ್ತೆಯ ಕಡೆಗಿದ್ದ ಊಟದ ಕೋಣೆಯ ಕಿಟಕಿಯೊಂದನ್ನು ಇಟ್ಟಿಗೆಯಿಂದ ಮುಚ್ಚಲಾಗಿತ್ತು. ಸನ್ಯಾಸಿನಿಯ ಪ್ರೇತವು ಆ ಕಿಟಕಿಯಿಂದ ಇಣುಕಿ ನೋಡುತ್ತಿದ್ದುದೇ ಅದಕ್ಕೆ ಕಾರಣವೆಂಬ ಪ್ರತೀತಿ ಹಬ್ಬಿತು. ದಾರಿಹೋಕರ ಕಣ್ಣಿಗೆ ಊಟದ ಮನೆ ಬೀಳದಿರಲಿ ಎಂದು ಮುಚ್ಚಿರಬಹುದೆಂಬ ಸರಳ ವಿವರಣೆಯೂ ಇತ್ತು. ಜನ ಮೊದಲನೆಯದನ್ನೇ ನೆಚ್ಚಿಕೊಂಡರು.

ಸನ್ಯಾಸಿನಿಯ ಕಥೆ

ಸ್ಥಳೀಯ ಐತಿಹ್ಯದ ಪ್ರಕಾರ 1362ರ ಸುಮಾರಿಗೆ ಆ ಜಾಗದಲ್ಲಿ ಬೆನೆಡಿಕ್ಟೈನ್ ಪಂಥದ ಮಠವೊಂದಿತ್ತು. ಮಠದ ಸನ್ಯಾಸಿಯೊಬ್ಬ ಸಮೀಪದ ಕಾನ್ವೆಂಟಿನ ಸನ್ಯಾಸಿನಿಯನ್ನು ಪ್ರೀತಿಸಿದ. ಸಂಗತಿ ಬಯಲಾದಾಗ ಆತನಿಗೆ ಮರಣದಂಡನೆ ವಿಧಿಸಲಾಯಿತು. ಆಕೆಯನ್ನು ಜೀವಂತವಾಗಿ ಗೋಡೆಯೊಳಗೆ ಇಟ್ಟು ಇಟ್ಟಿಗೆ ಕಟ್ಟಲಾಯಿತು. ಅಂದಿನಿಂದ ಆಕೆಯ ಪ್ರೇತ ಅಲೆಯುತ್ತಿದೆ. ಪ್ರೇಮಿಗಳು ಓಡಿಹೋಗಲು ಏರಿದ ಸಾರೋಟು ಸಹ ರಾತ್ರಿ ವೇಳೆ ಕಾಣಿಸಿಕೊಳ್ಳುತ್ತದೆ ಎಂಬುದು ಕಥೆ.

ಈ ಕಥೆಗೆ ಐತಿಹಾಸಿಕ ಆಧಾರವಿಲ್ಲ. ಅಂತಹ ಮಠವೊಂದು ಅಲ್ಲಿ ಇದ್ದುದಕ್ಕೆ ದಾಖಲೆಯೇ ಸಿಕ್ಕಿಲ್ಲ. ಕಥೆಯಲ್ಲಿ ಬರುವ ಬಗೆಯ ಸಾರೋಟುಗಳು 14ನೇ ಶತಮಾನದ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿಯೂ ಇರಲಿಲ್ಲ. ಸನ್ಯಾಸಿನಿಯನ್ನು ಗೋಡೆಯಲ್ಲಿ ಹೂಳುವ ಪ್ರಸಂಗ ವಾಲ್ಟರ್ ಸ್ಕಾಟ್‌ನ ಕಥನಕಾವ್ಯ 'ಮಾರ್ಮಿಯನ್' (1808) ಹಾಗೂ ರೈಡರ್ ಹ್ಯಾಗರ್ಡ್‌ನ ಕಾದಂಬರಿ 'ಮಾಂಟೆಜುಮಾಸ್ ಡಾಟರ್' (1893) ಎರಡರಲ್ಲಿಯೂ ಬರುತ್ತದೆ. ಬುಲ್ ಕುಟುಂಬದ ಮಕ್ಕಳ ಓದು ಮತ್ತು ಕಲ್ಪನೆ ಬೆರೆತು ಈ ಐತಿಹ್ಯ ಹುಟ್ಟಿರಬಹುದೆಂಬುದು ವಿಮರ್ಶಕರ ಊಹೆ.

ಆದರೆ ಬುಲ್ ಕುಟುಂಬ ಈ ಕಥೆಯನ್ನು ಭಯದಿಂದ ಕಂಡಂತಿಲ್ಲ. 1900ರ ಜುಲೈ 28ರ ಮುಸ್ಸಂಜೆ ಪಾದ್ರಿಯ ನಾಲ್ವರು ಹೆಣ್ಣುಮಕ್ಕಳು ಮನೆಯಿಂದ ಸುಮಾರು 40 ಗಜ ದೂರದಲ್ಲಿ ಸನ್ಯಾಸಿನಿಯ ಆಕೃತಿಯನ್ನು ಕಂಡುದಾಗಿ ಹೇಳಿದರು. ಮಾತನಾಡಿಸಲು ಹತ್ತಿರ ಹೋದಾಗ ಅದು ಮಾಯವಾಯಿತಂತೆ. ತೋಟದ ಆ ಹಾದಿಗೆ 'ಸನ್ಯಾಸಿನಿಯ ಹಾದಿ' ಎಂದೇ ಹೆಸರು ಬಿತ್ತು. ತಂದೆ 1892ರಲ್ಲಿ ನಿಧನರಾದ ನಂತರ ಮಗ ಹ್ಯಾರಿ ಬುಲ್ ಅದೇ ಚರ್ಚಿಗೆ ಪಾದ್ರಿಯಾದರು. 1927ರ ಜೂನ್‌ನಲ್ಲಿ ಅವರೂ ತೀರಿಕೊಂಡರು. ಅಲ್ಲಿಯವರೆಗಿನ ಆರೂವರೆ ದಶಕ ಬೋರ್ಲಿಯ ದೆವ್ವ ಮನೆಮಂದಿಯ ದೆವ್ವವಾಗಿಯೇ ಉಳಿದಿತ್ತು. ಅದು ದೂರದಲ್ಲಿ ಕಾಣುತ್ತಿತ್ತು, ಹತ್ತಿರ ಹೋದರೆ ಮರೆಯಾಗುತ್ತಿತ್ತು.

ಪತ್ರಿಕೆ ಬಂತು, ಕಲ್ಲೂ ಬಂತು

ಭಾರತದಲ್ಲಿ ನೆಲೆಸಿದ್ದು ಬಳಿಕ ಇಂಗ್ಲೆಂಡಿಗೆ ತೆರಳಿದ್ದ ಪಾದ್ರಿ ಗೈ ಎರಿಕ್ ಸ್ಮಿತ್ ಹಾಗೂ ಅವರ ಪತ್ನಿ 1928ರ ಅಕ್ಟೋಬರ್ 2ರಂದು ಈ ಮನೆಗೆ ಬಂದರು. ಕಪಾಟೊಂದನ್ನು ಶುಚಿಗೊಳಿಸುವಾಗ ಕಂದು ಕಾಗದದಲ್ಲಿ ಸುತ್ತಿಟ್ಟ ತಲೆಬುರುಡೆಯೊಂದು ಶ್ರೀಮತಿ ಸ್ಮಿತ್ ಅವರಿಗೆ ಸಿಕ್ಕಿತು. ಕರೆಗಂಟೆಗಳು ತಾವಾಗಿಯೇ ಬಾರಿಸುತ್ತಿದ್ದುದು, ಕಿಟಕಿಗಳಲ್ಲಿ ಬೆಳಕು ಕಾಣುತ್ತಿದ್ದುದು, ಹೆಜ್ಜೆಸದ್ದು ಕೇಳುತ್ತಿದ್ದುದು ದಂಪತಿಯನ್ನು ಕಂಗೆಡಿಸಿತು. ಲಂಡನ್ನಿನಲ್ಲಿ 1882ರಲ್ಲಿ ಸ್ಥಾಪನೆಗೊಂಡ ಅತೀಂದ್ರಿಯ ಸಂಶೋಧನಾ ಸಂಘದ ಸಂಪರ್ಕ ಕಲ್ಪಿಸಿಕೊಡುವಂತೆ ಅವರು 'ಡೈಲಿ ಮಿರರ್' ಪತ್ರಿಕೆಯನ್ನು ಕೋರಿದರು.

ಪತ್ರಿಕೆ ತನ್ನ ವರದಿಗಾರನನ್ನೇ ಕಳುಹಿಸಿತು. 1929ರ ಜೂನ್‌ನಲ್ಲಿ ಬೋರ್ಲಿಯ ಕುರಿತ ವರದಿಗಳ ಸರಣಿ ಆರಂಭವಾಯಿತು. ಪತ್ರಿಕೆಯ ಏರ್ಪಾಟಿನ ಮೇರೆಗೆ ಪ್ರಖ್ಯಾತ ಶೋಧಕ ಹ್ಯಾರಿ ಪ್ರೈಸ್ ಜೂನ್ 12ರಂದು ರೆಕ್ಟರಿಗೆ ಆಗಮಿಸಿದರು.

ಅಂದಿನಿಂದ ದೆವ್ವದ ಸ್ವಭಾವವೇ ಬದಲಾಯಿತು ಎಂಬುದು ಗಮನಾರ್ಹ. ಕಲ್ಲುಗಳು ತೂರಿಬಂದವು, ಹೂದಾನಿ ಹಾರಿಬಂತು, ಕನ್ನಡಿಯ ಚೌಕಟ್ಟಿನಿಂದ ಟಕಟಕ ಸದ್ದಿನ ರೂಪದಲ್ಲಿ 'ಪ್ರೇತ ಸಂದೇಶ'ಗಳು ಬಂದವು. ಉತ್ತರ ಕರ್ನಾಟಕದ ಜನ ಭಾನಾಮತಿ ಎಂದು ಕರೆಯುವ ಬಗೆಯ ಕಾಟ ಅದು. ಪ್ರೈಸ್ ಹಿಂದಿರುಗಿದೊಡನೆ ಈ ಬಗೆಯ ಘಟನೆಗಳು ನಿಂತುಹೋದವು. ಕೈಚಳಕದ ವಿದ್ಯೆಯಲ್ಲಿ ನಿಪುಣರಾಗಿದ್ದ ಪ್ರೈಸ್ ಅವರ ಮೇಲೆ ತಮಗೆ ಆಗಲೇ ಶಂಕೆಯಿತ್ತೆಂದು ಶ್ರೀಮತಿ ಸ್ಮಿತ್ ನಂತರದ ದಿನಗಳಲ್ಲಿ ಹೇಳಿದರು. ಸಹಾಯ ಕೇಳಿದ ದಂಪತಿಗೆ ದೊರೆತದ್ದು ಪ್ರಚಾರ ಮಾತ್ರ. ಜುಲೈ 14ರಂದು ಅವರು ರೆಕ್ಟರಿಯನ್ನು ತೊರೆದರು.

ಯಾರು ಈ ಹ್ಯಾರಿ ಪ್ರೈಸ್?

1881ರಲ್ಲಿ ಜನಿಸಿದ ಹ್ಯಾರಿ ಪ್ರೈಸ್ ಅವರನ್ನು ಕೇವಲ ಮೋಸಗಾರನೆಂದು ತಳ್ಳಿಹಾಕಲಾಗದು. 1922ರಲ್ಲಿ ಅವರು ವಿಲಿಯಂ ಹೋಪ್ ಎಂಬ 'ಪ್ರೇತ ಛಾಯಾಗ್ರಾಹಕ'ನ ವಂಚನೆಯನ್ನು ಬಯಲಿಗೆಳೆದರು. ರಹಸ್ಯ ಗುರುತು ಹಾಕಿದ ಫೋಟೊ ಫಲಕಗಳನ್ನು ಕೊಟ್ಟು, ಹೋಪ್ ಅವುಗಳನ್ನು ಬದಲಾಯಿಸುತ್ತಿದ್ದುದನ್ನು ತೋರಿಸಿಕೊಟ್ಟರು. ಲಂಡನ್ನಿನಲ್ಲಿ ಅತೀಂದ್ರಿಯ ವಿದ್ಯಮಾನಗಳ ಪರೀಕ್ಷೆಗೆಂದೇ ಪ್ರಯೋಗಾಲಯ ಸ್ಥಾಪಿಸಿದರು.

ಭಾರತೀಯ ಓದುಗರಿಗೆ ಹತ್ತಿರವೆನಿಸುವ ಇನ್ನೊಂದು ಪ್ರಯೋಗವೂ ಅವರ ಹೆಸರಿನಲ್ಲಿದೆ. 1935ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರ ಮೂಲದ ಖುದಾ ಬಕ್ಷ್ ಇಂಗ್ಲೆಂಡಿನ ಸರ್‍ರೆ ಪ್ರಾಂತ್ಯದಲ್ಲಿ ಬರಿಗಾಲಿನಲ್ಲಿ ಕೆಂಡದ ಮೇಲೆ ನಡೆದರು. ಕರ್ನಾಟಕದ ಅನೇಕ ಊರುಗಳ ಜಾತ್ರೆಗಳಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಪ್ರೈಸ್ ಮತ್ತು ಸಂಗಡಿಗರು ಪಾದಗಳನ್ನು ಮೊದಲೂ ನಂತರವೂ ಪರೀಕ್ಷಿಸಿದರು. ಕೆಂಡದ ಮೇಲ್ಮೈ ಉಷ್ಣತೆಯನ್ನು ಅಳೆದಾಗ ಅದು 430 ಡಿಗ್ರಿ ಸೆಲ್ಸಿಯಸ್ ಇತ್ತು. ಇದರಲ್ಲಿ ಮೋಸವೂ ಇಲ್ಲ, ಪವಾಡವೂ ಇಲ್ಲ. ಕಟ್ಟಿಗೆಯ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಪಾದ ಕೆಂಡವನ್ನು ಮುಟ್ಟುವುದು ಕ್ಷಣಮಾತ್ರ, ಆದ್ದರಿಂದ ಕಾಲು ಸುಡುವುದಿಲ್ಲ ಎಂಬುದು ಪ್ರೈಸ್ ಅವರ ತೀರ್ಮಾನ. ಇಂದಿನ ಭೌತವಿಜ್ಞಾನ ನೀಡುವ ವಿವರಣೆಯೂ ಬಹುಮಟ್ಟಿಗೆ ಇದೇ.

ಅಂದರೆ ಅಳೆಯುವ, ಗುರುತು ಹಾಕುವ, ಸರಳ ಕಾರಣವನ್ನು ಮೊದಲು ಹುಡುಕುವ ವಿಧಾನ ಪ್ರೈಸ್ ಅವರಿಗೆ ತಿಳಿದಿತ್ತು. ಆದರೆ ಅವರು ಪ್ರಚಾರಪ್ರಿಯರೂ ಹೌದು. 1936ರಲ್ಲಿ ಕೆಂಟ್ ಪ್ರಾಂತ್ಯದ 'ದೆವ್ವದ ಮನೆ'ಯೊಂದರಿಂದ ಬಿಬಿಸಿ ಆಕಾಶವಾಣಿಯಲ್ಲಿ ನೇರಪ್ರಸಾರ ನಡೆಸಿಕೊಟ್ಟವರು ಅವರೇ. ಬೋರ್ಲಿಯಲ್ಲಿ ಈ ಎರಡನೆಯ ಗುಣ ಮೊದಲನೆಯದನ್ನು ಮೀರಿತು.

ಗೋಡೆಯ ಮೇಲಿನ ಬರಹ

1930ರ ಅಕ್ಟೋಬರ್ 16ರಂದು ಪಾದ್ರಿ ಲಯೊನೆಲ್ ಫಾಯ್‌ಸ್ಟರ್, ಪತ್ನಿ ಮೇರಿಯಾನ್ ಹಾಗೂ ಅವರ ದತ್ತುಪುತ್ರಿ ರೆಕ್ಟರಿಗೆ ಬಂದರು. ಅವರು ಅಲ್ಲಿದ್ದ ಐದು ವರ್ಷಗಳಲ್ಲಿ ವರದಿಯಾದ ಘಟನೆಗಳಿಗೆ ಲೆಕ್ಕವಿಲ್ಲ. ಗಾಜಿನ ಬಾಟಲಿಗಳು ಒಡೆದವು, ಕಲ್ಲುಗಳು ಬಿದ್ದವು, ಮಗುವನ್ನು ಕೋಣೆಯೊಂದರಲ್ಲಿ ಕೂಡಿಹಾಕಲಾಯಿತು. ಇವೆಲ್ಲಕ್ಕಿಂತ ಹೆಸರಾದದ್ದು ಗೋಡೆಗಳ ಮೇಲೆ ಮೂಡಿದ ಪೆನ್ಸಿಲ್ ಬರಹ. 'ಮೇರಿಯಾನ್, ಸಹಾಯ ಮಾಡು' ಎಂಬರ್ಥದ ಅಂಕುಡೊಂಕಾದ ಇಂಗ್ಲಿಷ್ ಸಾಲುಗಳು ಅಲ್ಲಲ್ಲಿ ಕಾಣಿಸಿಕೊಂಡವು. ಪಾದ್ರಿ ಇವೆಲ್ಲವನ್ನೂ ಶ್ರದ್ಧೆಯಿಂದ ಬರೆದಿಟ್ಟರು.

1931ರ ಅಕ್ಟೋಬರ್‌ನಲ್ಲಿ ಪ್ರೈಸ್ ತಮ್ಮ ಸಂಗಡಿಗರೊಂದಿಗೆ ಮತ್ತೆ ಬಂದರು. ಘಟನೆಗಳ ಹಿಂದೆ ಮೇರಿಯಾನ್ ಅವರ ಕೈವಾಡವಿದೆ ಎಂಬ ನಿಲುವಿಗೆ ಅವರು ಖಾಸಗಿಯಾಗಿ ಬಂದಿದ್ದರು. ಆದರೆ 1940ರಲ್ಲಿ ಪ್ರಕಟವಾದ ಅವರ 'ದಿ ಮೋಸ್ಟ್ ಹಾಂಟೆಡ್ ಹೌಸ್ ಇನ್ ಇಂಗ್ಲೆಂಡ್' ಕೃತಿಯಲ್ಲಿ ಇದೇ ಫಾಯ್‌ಸ್ಟರ್ ಕಾಲದ ಘಟನೆಗಳು ದೆವ್ವದ ಪ್ರಬಲ ಸಾಕ್ಷ್ಯಗಳಾಗಿ ಓದುಗರ ಮುಂದೆ ಬಂದವು. ಶೋಧಕನೊಬ್ಬ ತನ್ನ ಮಿತ್ರರಿಗೆ ಹೇಳಿದ್ದು ಒಂದು, ಓದುಗರಿಗೆ ಹೇಳಿದ್ದು ಇನ್ನೊಂದು. ಬೋರ್ಲಿ ಪ್ರಕರಣದ ಬಹುದೊಡ್ಡ ಕಳಂಕ ಇದೇ ಎನ್ನಬಹುದು.

ಫಾಯ್‌ಸ್ಟರ್ ಕುಟುಂಬ 1935ರಲ್ಲಿ ಮನೆಯನ್ನು ಬಿಟ್ಟಿತು. 1992ರವರೆಗೆ ಬದುಕಿದ್ದ ಮೇರಿಯಾನ್, ತಾವು ಯಾವ ಪ್ರೇತವನ್ನೂ ಕಂಡಿಲ್ಲವೆಂದು ಇಳಿವಯಸ್ಸಿನಲ್ಲಿ ಒಪ್ಪಿಕೊಂಡರು. ಕೆಲವು ಸದ್ದು ಗಾಳಿಯದು, ಕೆಲವು ಮನೆಗೆ ಬಂದ ಸ್ನೇಹಿತರದು, ಇನ್ನು ಕೆಲವು ಪತಿಯನ್ನು ತಮಾಷೆ ಮಾಡಲು ತಾವೇ ಮಾಡಿದ್ದು ಎಂಬುದು ಅವರ ಹೇಳಿಕೆ.

48 ಮಂದಿ ವೀಕ್ಷಕರು

ಖಾಲಿ ಬಿದ್ದಿದ್ದ ರೆಕ್ಟರಿಯನ್ನು ಪ್ರೈಸ್ 1937ರ ಮೇ ತಿಂಗಳಿಂದ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಪಡೆದರು. ಬಿಡುವು ಮತ್ತು ಧೈರ್ಯವಿರುವ ವೀಕ್ಷಕರು ಬೇಕಾಗಿದ್ದಾರೆಂದು ಮೇ 25ರ 'ದಿ ಟೈಮ್ಸ್' ಪತ್ರಿಕೆಯಲ್ಲಿ ಜಾಹೀರಾತು ನೀಡಿದರು. ಹೀಗೆ ಆಯ್ಕೆಯಾದ 48 ಮಂದಿಯಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಅವರು ಸರದಿಯಂತೆ ಬಂದು ಮನೆಯಲ್ಲಿ ಕಾವಲು ಕುಳಿತರು. ಗೋಡೆಯ ಬರಹಗಳ ಸುತ್ತ ಗೆರೆ ಎಳೆದು, ಹೊಸದು ಮೂಡಿದರೆ ತಿಳಿಯುವಂತೆ ಮಾಡಿದರು. ದೆವ್ವದ ಮನೆಯೊಂದನ್ನು ಇಷ್ಟು ದೀರ್ಘಕಾಲ, ಇಷ್ಟು ಜನ ಸೇರಿ ಪರಿಶೀಲಿಸಿದ್ದು ಆ ಕಾಲಕ್ಕೆ ಹೊಸದು.

ಆದರೆ ಈ ವ್ಯವಸ್ಥೆಯಲ್ಲಿ ದೊಡ್ಡ ಲೋಪವೊಂದಿತ್ತು. ವೀಕ್ಷಕರ ಕೈಗೆ ನೀಡಿದ ಸೂಚನಾ ಪುಸ್ತಿಕೆಯಲ್ಲಿ ಯಾವ ಜಾಗದಲ್ಲಿ ಹಿಂದೆ ಏನು ಕಂಡಿತ್ತು, ಎಂತಹ ಸದ್ದು ಕೇಳಿತ್ತು ಎಂಬ ವಿವರಗಳೂ ಇದ್ದವು. ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ತಿಳಿದು ಕತ್ತಲಲ್ಲಿ ಕುಳಿತವನಿಗೆ ಇಲಿಯ ಓಡಾಟವೂ ಹೆಜ್ಜೆಸದ್ದಾಗಿ ಕೇಳುವುದು ಸಹಜ. ಇಷ್ಟಾಗಿಯೂ ದಾಖಲಾದವುಗಳಲ್ಲಿ ಹೆಚ್ಚಿನವು ಸಣ್ಣಪುಟ್ಟ ಸದ್ದುಗಳು ಮತ್ತು ಗೋಡೆಯ ಮೇಲಿನ ಗುರುತುಗಳು.

ಬೆಂಕಿ, ಮೂಳೆ, ತೇಲುವ ಇಟ್ಟಿಗೆ

1938ರ ಮಾರ್ಚ್‌ನಲ್ಲಿ ಪ್ರೈಸ್ ಅವರ ತಂಡದ ಪ್ರಮುಖ ಸಹಾಯಕ ಸಿಡ್ನಿ ಗ್ಲ್ಯಾನ್‌ವಿಲ್ ಅವರ ಕುಟುಂಬದವರು ಲಂಡನ್ನಿನಲ್ಲಿ ಪ್ಲಾಂಚೆಟ್ ಪ್ರಯೋಗ ನಡೆಸಿದರು. ಮೇರಿ ಲೇರ್ ಎಂಬ ಫ್ರೆಂಚ್ ಸನ್ಯಾಸಿನಿಯ ಆತ್ಮ ಮಾತನಾಡಿತೆಂದೂ, 17ನೇ ಶತಮಾನದಲ್ಲಿ ಆಕೆಯ ಕೊಲೆಯಾಗಿತ್ತೆಂದೂ ಹೇಳಲಾಯಿತು. 14ನೇ ಶತಮಾನದ ಸನ್ಯಾಸಿನಿ ಹೀಗೆ ಸದ್ದಿಲ್ಲದೆ ಮುನ್ನೂರು ವರ್ಷ ಮುಂದಕ್ಕೆ ಸರಿದಳು! ಇನ್ನೊಂದು ಆತ್ಮ 1938ರ ಮಾರ್ಚ್ 27ರ ರಾತ್ರಿ ಒಂಬತ್ತಕ್ಕೆ ರೆಕ್ಟರಿ ಸುಟ್ಟುಹೋಗುವುದೆಂದು ಭವಿಷ್ಯ ನುಡಿಯಿತು.

ಆ ರಾತ್ರಿ ಏನೂ ಸಂಭವಿಸಲಿಲ್ಲ. ಹನ್ನೊಂದು ತಿಂಗಳ ನಂತರ, 1939ರ ಫೆಬ್ರವರಿ 27ರಂದು, ಮನೆಯ ಹೊಸ ಮಾಲೀಕ ಕ್ಯಾಪ್ಟನ್ ಗ್ರೆಗ್ಸನ್ ಪೆಟ್ಟಿಗೆಗಳನ್ನು ಬಿಚ್ಚುವಾಗ ಎಣ್ಣೆದೀಪ ಉರುಳಿ ಬೆಂಕಿ ಹತ್ತಿತು. ಇದು ಆಕಸ್ಮಿಕವಲ್ಲ, ಉದ್ದೇಶಪೂರ್ವಕ ಕೃತ್ಯ ಎಂದು ವಿಮಾ ಕಂಪನಿ ತನಿಖೆಯ ನಂತರ ತೀರ್ಮಾನಿಸಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ವಿಮಾ ಕಂಪನಿಯ ತೀರ್ಮಾನವಲ್ಲ, ಪ್ಲಾಂಚೆಟ್ ಭವಿಷ್ಯ.

1943ರ ಆಗಸ್ಟ್‌ನಲ್ಲಿ ಪ್ರೈಸ್ ನೆಲಮಾಳಿಗೆಯನ್ನು ಅಗೆಸಿದಾಗ ಎರಡು ಮೂಳೆಗಳು ದೊರೆತವು. ಅವು ಯುವತಿಯೊಬ್ಬಳ ಮೂಳೆಗಳೆಂದು ಅವರು ಭಾವಿಸಿದರು. ಸ್ಥಳೀಯರು ಹಂದಿಯ ಮೂಳೆಗಳೆಂದರು. ಬೋರ್ಲಿ ಚರ್ಚಿನ ಆವರಣದಲ್ಲಿ ಅವುಗಳನ್ನು ಹೂಳಲು ಒಪ್ಪಿಗೆ ಸಿಗದೆ, 1945ರಲ್ಲಿ ನೆರೆಯ ಲಿಸ್ಟನ್ ಗ್ರಾಮದ ಚರ್ಚಿನ ಆವರಣದಲ್ಲಿ ಹೂಳಲಾಯಿತು.

ಅವಶೇಷಗಳನ್ನು ಕೆಡವುತ್ತಿದ್ದ 1944ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಇಟ್ಟಿಗೆಯೊಂದು ಬಾಗಿಲ ಬಳಿ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು. ಪ್ರೈಸ್ 1946ರ ತಮ್ಮ ಎರಡನೆಯ ಪುಸ್ತಕದಲ್ಲಿ ಇದನ್ನು ವಿಸ್ಮಯಕಾರಿ ಎಂಬಂತೆ ಬಳಸಿಕೊಂಡರು. ಒಳಗೆ ಕೆಲಸ ಮಾಡುತ್ತಿದ್ದ ಕೂಲಿಯಾಳು ಹೊರಗೆಸೆದ ಇಟ್ಟಿಗೆ ಅದು ಎಂಬ ಸಂಗತಿ ಮುಂದೆ ಬೆಳಕಿಗೆ ಬಂತು.

ಕಡತಗಳ ಶೋಧ

1948ರ ಮಾರ್ಚ್ 29ರಂದು ಹ್ಯಾರಿ ಪ್ರೈಸ್ ನಿಧನರಾದರು. ಆ ನಂತರ 'ಡೈಲಿ ಮೇಲ್' ಪತ್ರಿಕೆಯ ವರದಿಗಾರ ಚಾರ್ಲ್ಸ್ ಸಟನ್ ಗಂಭೀರ ಆರೋಪ ಮಾಡಿದರು. 1929ರಲ್ಲಿ ಪ್ರೈಸ್ ಜತೆ ರೆಕ್ಟರಿಗೆ ಹೋಗಿದ್ದಾಗ ದಪ್ಪ ಕಲ್ಲೊಂದು ತಮ್ಮ ತಲೆಗೆ ಬಡಿಯಿತು. ಕೂಡಲೇ ಪ್ರೈಸ್ ಅವರನ್ನು ಹಿಡಿದು ನೋಡಿದಾಗ ಜೇಬುಗಳ ತುಂಬ ಕಲ್ಲುಗಳಿದ್ದವು ಎಂದು ಅವರು ಹೇಳಿದರು. ಉತ್ತರ ಕೊಡಲು ಪ್ರೈಸ್ ಬದುಕಿರಲಿಲ್ಲ. ಆರೋಪ ನಿಜವಿದ್ದಲ್ಲಿ, ಪತ್ರಕರ್ತನೊಬ್ಬನಿಗೆ 1929ರಲ್ಲೇ ತಿಳಿದ ಸಂಗತಿ ಸುಮಾರು ಎರಡು ದಶಕ ಓದುಗರಿಗೆ ತಲುಪಲಿಲ್ಲ. ಆ ಅವಧಿಯಲ್ಲಿಯೇ ಬೋರ್ಲಿ ದಂತಕಥೆಯಾಗಿ ಬೆಳೆದಿತ್ತು.

ಅತೀಂದ್ರಿಯ ಸಂಶೋಧನಾ ಸಂಘದ ಸದಸ್ಯರಾದ ಎರಿಕ್ ಡಿಂಗ್‌ವಾಲ್, ಕ್ಯಾಥ್ಲೀನ್ ಗೋಲ್ಡ್ನಿ ಹಾಗೂ ಟ್ರೆವರ್ ಹಾಲ್ ಇಡೀ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡರು. ಗೋಲ್ಡ್ನಿ 1931ರಲ್ಲಿ ಪ್ರೈಸ್ ಜತೆ ಬೋರ್ಲಿಗೆ ಹೋದವರಲ್ಲಿ ಒಬ್ಬರು. ಪ್ರೈಸ್ ಬಿಟ್ಟುಹೋದ ಪತ್ರಗಳು, ಟಿಪ್ಪಣಿಗಳು ಮತ್ತು ಮುದ್ರಿತ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಸಿದ್ಧಪಡಿಸಿದ ಅವರ ವರದಿ 1956ರಲ್ಲಿ ಪುಸ್ತಕವಾಗಿ ಹೊರಬಂತು. ಘಟನೆಗಳಲ್ಲಿ ಹಲವು ಕೃತಕ. ಉಳಿದವುಗಳಿಗೆ ಇಲಿಗಳು, ಕಟ್ಟಡದ ವಿಚಿತ್ರ ಆಕಾರದಿಂದ ಉಂಟಾಗುವ ಪ್ರತಿಧ್ವನಿ ಮೊದಲಾದ ಸಹಜ ಕಾರಣಗಳಿವೆ ಎಂಬುದು ಅದರ ಸಾರ. ಕೆಲವನ್ನು ಸ್ವತಃ ಪ್ರೈಸ್ ಅವರೇ ಸೃಷ್ಟಿಸಿರಬಹುದೆಂಬ ಬಲವಾದ ಶಂಕೆಯನ್ನೂ ವರದಿ ವ್ಯಕ್ತಪಡಿಸಿತು.

ಈ ವರದಿಯೂ ಪ್ರಶ್ನಾತೀತವಾಗಿ ಉಳಿಯಲಿಲ್ಲ. 1969ರಲ್ಲಿ ರಾಬರ್ಟ್ ಹೇಸ್ಟಿಂಗ್ಸ್ ಅದೇ ಸಂಘಕ್ಕಾಗಿ ಮತ್ತೊಂದು ಪರಿಶೀಲನೆ ನಡೆಸಿ, ಪ್ರೈಸ್ ವಿರುದ್ಧದ ಕೆಲವು ಆರೋಪಗಳನ್ನು ಅಲ್ಲಗಳೆದರು. ಆದರೆ ಬೋರ್ಲಿಯಲ್ಲಿ ದೆವ್ವವಿತ್ತು ಎಂಬ ವಾದಕ್ಕೆ 1956ರ ಹೊಡೆತದ ನಂತರ ಮೊದಲಿನ ಬಲ ಮರಳಲಿಲ್ಲ.

ಕಂಡದ್ದೆಲ್ಲ ಸುಳ್ಳೇ?

ಹಾಗೆಂದು ದೆವ್ವ ಕಂಡೆವೆನ್ನುವವರೆಲ್ಲರೂ ಸುಳ್ಳುಗಾರರಲ್ಲ. ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಲಂಡನ್ ಸಮೀಪದ ಹ್ಯಾಂಪ್ಟನ್ ಕೋರ್ಟ್ ಅರಮನೆ ಹಾಗೂ ಎಡಿನ್‌ಬರೊ ನಗರದ ನೆಲದಡಿಯ ಕಮಾನು ಕೋಣೆಗಳಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 'ದೆವ್ವವಿದೆ' ಎಂದು ಹೆಸರಾದ ಜಾಗಗಳಲ್ಲಿಯೇ ಜನರಿಗೆ ವಿಚಿತ್ರ ಅನುಭವಗಳು ಹೆಚ್ಚಾಗಿ ಆಗುತ್ತಿದ್ದವು. ಆ ಜಾಗದ ಖ್ಯಾತಿ ತಿಳಿಯದವರಿಗೂ ಹಾಗೆಯೇ ಆಗುತ್ತಿತ್ತು. ಆದರೆ ಈ ಅನುಭವಗಳು ಬೆಳಕಿನ ಪ್ರಮಾಣ, ಕೋಣೆಯ ಅಳತೆ, ಕಾಂತಕ್ಷೇತ್ರದ ಏರಿಳಿತ ಮೊದಲಾದ ಭೌತಿಕ ಅಂಶಗಳೊಂದಿಗೆ ನಂಟು ಹೊಂದಿದ್ದವು. ಅನುಭವ ನಿಜ, ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ.

ಬೋರ್ಲಿಯ ಕತ್ತಲ ಮೊಗಸಾಲೆ ಮತ್ತು ಪ್ರತಿಧ್ವನಿಸುವ ಅಂಗಳಕ್ಕೂ ಈ ಮಾತು ಅನ್ವಯಿಸಬಹುದು. ಮನೆಯೇ ಇಲ್ಲವಾದುದರಿಂದ ಅಲ್ಲಿ ಅಳತೆ ಮಾಡುವ ಅವಕಾಶ ಈಗಿಲ್ಲ. ಅವಕಾಶವಿದ್ದ ಕಾಲದಲ್ಲಿ, ಕೆಂಡದ ಉಷ್ಣತೆಯನ್ನು ಅಳೆಯಬಲ್ಲ ಶೋಧಕ ಅದೇ ನಿಷ್ಠುರತೆಯನ್ನು ಇಲ್ಲಿ ತೋರಲಿಲ್ಲ.

ಈಗ ಉಳಿದಿರುವುದು

ರೆಕ್ಟರಿ ಇದ್ದ ಜಾಗ ಇಂದು ಖಾಸಗಿ ನಿವಾಸಗಳ ಸ್ವತ್ತು. ರಸ್ತೆಯ ಎದುರಿನ ಪ್ರಾಚೀನ ಚರ್ಚು ಈಗಲೂ ಇದೆ. ರಾತ್ರಿ ವೇಳೆ ಟಾರ್ಚ್, ಕ್ಯಾಮೆರಾ ಹಿಡಿದು ಬರುವ ದೆವ್ವಾನ್ವೇಷಕರಿಂದ ಗ್ರಾಮಸ್ಥರು ವರ್ಷಗಳಿಂದ ಕಿರಿಕಿರಿ ಅನುಭವಿಸುತ್ತ ಬಂದಿದ್ದಾರೆ. ಪ್ರೈಸ್ ಸಂಗ್ರಹಿಸಿದ ಪುಸ್ತಕ ಮತ್ತು ಕಾಗದಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ.

ತನ್ನ ವಿರುದ್ಧವೇ ಸಾಕ್ಷಿ ನುಡಿಯಬಲ್ಲ ಪತ್ರಗಳನ್ನು ಸುಡದೆ ಉಳಿಸಿಹೋದದ್ದು ಹ್ಯಾರಿ ಪ್ರೈಸ್ ಮಾಡಿದ ಉಪಕಾರವೇ ಸರಿ. ಬೋರ್ಲಿಯ ಸನ್ಯಾಸಿನಿಯನ್ನು ಹುಡುಕಲು ಕತ್ತಲಲ್ಲಿ ಕಾದು ಕುಳಿತವರಿಗೆ ಸಿಗದ ಉತ್ತರ, ಹಗಲು ಬೆಳಕಿನಲ್ಲಿ ಕಡತ ತೆರೆದು ಓದಿದವರಿಗೆ ಸಿಕ್ಕಿತು.